ಮಡ್ಡಿ ಹೊಲದ ಮೇವಿಗೆ ರಾಕ್ ಫಾಸ್ಫೇಟ್: ತಿಪ್ಪೆಯಿಂದ ಎರಡನೇ ವರ್ಷದ ಕೊಯ್ಲಿನವರೆಗೆ

ಬೀದರ್ ಸುತ್ತ ಮುಖ್ಯವಾಗಿ ಎರಡು ಥರದ ಮಣ್ಣಿದೆ. ಒಂದು ಎರೆ, ಇನ್ನೊಂದು ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತ ಕೆಂಪು ಮಡ್ಡಿ. ನಮಗೆ ಎರಡೂ ಇವೆ. ಎರೆ ಹೊಲದಲ್ಲಿ ಸೋಯಾ, ತೊಗರಿ, ಕಡಲೆ ನಡೆಯುತ್ತವೆ. ಮಡ್ಡಿಯಲ್ಲಿ ಮಾತ್ರ ಏನು ಬಿತ್ತಿದರೂ ಮೊಣಕಾಲು ದಾಟುವುದಿಲ್ಲ. ಮನೆಯಲ್ಲಿ ದೇವಣಿ ಹಸುಗಳಿವೆ, ಬೇಸಿಗೆ ಬಂತು ಅಂದ್ರೆ ಒಣ ಕಣಿಕೆ ಬಿಟ್ಟು ಬೇರೆ ಗತಿ ಇಲ್ಲ. ಅದಕ್ಕೇ ಮಡ್ಡಿಯಲ್ಲಿ ಅರ್ಧ ಎಕರೆಯನ್ನು ದ್ವಿದಳ ಮೇವಿಗೆ ಬಿಟ್ಟು, ರಾಕ್ ಫಾಸ್ಫೇಟ್ (ರಂಜಕ ಇರುವ ಕಲ್ಲಿನ ಪುಡಿ) ಹಾಕಿ ನೋಡಿದೆ. ಎರಡು ಮಳೆಗಾಲದ ಕೆಲಸ ಇದು. ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ, ಎಷ್ಟು ಮೇವು ಬಂತು, ಎಲ್ಲ ಬರೆದಿದ್ದೇನೆ.

ಚೀಲದ ಮೇಲಿನ ಅಂಕಿ

ಮೊದಲು ಒಂದು ಮಾತು. ರಾಕ್ ಫಾಸ್ಫೇಟ್ ಚೀಲದ ಮೇಲೆ ರಂಜಕ 18 ಅಂತ ಇರುತ್ತದೆ. ಪಕ್ಕದಲ್ಲೇ ಸೂಪರ್ ಫಾಸ್ಫೇಟ್ ಚೀಲ (ನಾವು ಬರಿ ಸೂಪರ್ ಅನ್ನುತ್ತೇವೆ), ಅದರ ಮೇಲೆ 16. ರೇಟೂ ಕಡಿಮೆ, ಅಂಕಿಯೂ ಜಾಸ್ತಿ, ಮತ್ತೇನು ಬೇಕು ಅನಿಸುತ್ತದೆ. ಆದರೆ ಆ 18 ಒಟ್ಟು ರಂಜಕ. ಸೂಪರ್‌ನಲ್ಲಿರುವುದರ ಬಹುಪಾಲು ನೀರಲ್ಲಿ ಕರಗುತ್ತದೆ, ರಾಕ್ ಫಾಸ್ಫೇಟ್‌ನಲ್ಲಿ ನೀರಿಗೆ ಕರಗುವುದು ಇಲ್ಲ ಅಂತಲೇ ಇಟ್ಟುಕೊಳ್ಳಿ. ಅದು ಗಣಿಯಿಂದ ತೆಗೆದು ನುಣ್ಣಗೆ ಬೀಸಿದ ಕಲ್ಲು, ಅಷ್ಟೇ. ನಮ್ಮ ದೇಶದಲ್ಲಿ ಅದಕ್ಕೆ ದೊಡ್ಡ ಗಣಿ ಅಂದ್ರೆ ರಾಜಸ್ಥಾನದ ಉದಯಪುರ ಹತ್ತಿರದ ಝಾಮರ್‌ಕೋಟ್ರಾ.

ಆ ಕಲ್ಲು ಕರಗಬೇಕಾದರೆ ಹುಳಿ ಬೇಕು. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಎಂಬಾತ ಇಂಥ ರಂಜಕದ ಪದಾರ್ಥಕ್ಕೆ ಗಂಧಕಾಮ್ಲ ಸುರಿದು ಗೊಬ್ಬರ ಮಾಡುವುದಕ್ಕೆ ಪೇಟೆಂಟ್ ತೆಗೆದುಕೊಂಡ. ಇವತ್ತಿನ ಸೂಪರ್ ಅದೇ. ಅಂದ್ರೆ ಸೂಪರ್ ಕೊಂಡರೆ ಹುಳಿಯ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಬರಿ ಕಲ್ಲಿನ ಪುಡಿ ಕೊಂಡರೆ ಆ ಕೆಲಸ ನಿಮ್ಮ ಮಣ್ಣು ಮಾಡಬೇಕು, ಇಲ್ಲ ತಿಪ್ಪೆ ಮಾಡಬೇಕು, ಇಲ್ಲ ಗಿಡದ ಬೇರು ಮಾಡಬೇಕು. ಮೂರೂ ಮಾಡದಿದ್ದರೆ ಪುಡಿ ಹೊಲದಲ್ಲಿ ಪುಡಿಯಾಗಿಯೇ ಇರುತ್ತದೆ.

ಯಾವ ಹೊಲಕ್ಕೆ

ನಮ್ಮ ಕಾಕಾ ಚೀಲ ನೋಡಿದ ಕೂಡಲೇ ಕೇಳಿದರು: "ಎರಿ ಹೊಲ ಬಿಟ್ಟು ಮಡ್ಡಿಗ್ಯಾಕ ರೊಕ್ಕ ಸುರಿತಿ ತಮ್ಮಾ? ಬೆಳಿಯೋ ಹೊಲಕ್ಕ ಹಾಕು."

ಬಾಯಲ್ಲಿ ಹೇಳಿದರೆ ಆಗುವುದಿಲ್ಲ ಅಂತ ಎರಡೂ ಹೊಲದಿಂದ ಒಂದೊಂದು ಹಿಡಿ ಒಣ ಮಣ್ಣು ತಂದು ಎರಡು ಗಾಜಿನ ಲೋಟಕ್ಕೆ ಹಾಕಿದೆ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಅನ್ನು ಸಾಕಷ್ಟು ನೀರಿಗೆ ಬೆರೆಸಿ ಎರಡಕ್ಕೂ ಸ್ವಲ್ಪ ಸ್ವಲ್ಪ ಬಿಟ್ಟೆ. (ಕೈಗೆ ಗ್ಲೌಸ್ ಇರಲಿ, ಆ್ಯಸಿಡ್ ಅನ್ನು ನೀರಿಗೆ ಹಾಕಬೇಕು, ನೀರನ್ನು ಆ್ಯಸಿಡ್‌ಗೆ ಅಲ್ಲ.) ಎರೆ ಮಣ್ಣು ಸುಯ್ ಅಂತ ನೊರೆ ಎದ್ದು ಲೋಟದ ಅಂಚಿಗೆ ಬಂತು. ಕೆಂಪು ಮಣ್ಣು ಸುಮ್ನೆ ಒದ್ದೆಯಾಗಿ ಕೂತಿತು. ನೊರೆ ಬಂದದ್ದು ಮಣ್ಣಲ್ಲಿರುವ ಸುಣ್ಣದಿಂದ. ನಮ್ಮ ಎರೆ ಹೊಲ ಉಳುವಾಗ ಬಿಳಿ ಸುಣ್ಣದ ಹರಳು ಮೇಲೆ ಬರುತ್ತವಲ್ಲ, ಅದೇ ಸುಣ್ಣ. ಅಂಥ ಮಣ್ಣಿಗೆ ಎಷ್ಟು ಹುಳಿ ಬಂದರೂ ಸುಣ್ಣವೇ ತಿಂದುಬಿಡುತ್ತದೆ, ಕಲ್ಲಿಗೆ ಏನೂ ಉಳಿಯುವುದಿಲ್ಲ. ಜೊತೆಗೆ ಮಣ್ಣಲ್ಲಿ ಕ್ಯಾಲ್ಸಿಯಂ ತುಂಬಿದ್ದರೆ, ಕ್ಯಾಲ್ಸಿಯಂನಿಂದಲೇ ಆದ ಈ ಕಲ್ಲು ಕರಗುವುದಕ್ಕೂ ಒಲ್ಲೆ ಅನ್ನುತ್ತದೆ.

ಮಣ್ಣು ಪರೀಕ್ಷೆಯ ಚೀಟಿಯಲ್ಲೂ ಅದೇ ಇತ್ತು. ಎರೆ ಹೊಲದ ರಸಸಾರ (ಪಿಎಚ್, 7ಕ್ಕಿಂತ ಕಡಿಮೆ ಇದ್ದರೆ ಮಣ್ಣು ಹುಳಿ) 8.2, ಮಡ್ಡಿಯದು 5.7. ಮಡ್ಡಿ ಹುಳಿಯಾಗಿರುವುದಕ್ಕೆ ಕಾರಣ ಕಲ್ಲಲ್ಲೇ ಇದೆ. ಜಂಬಿಟ್ಟಿಗೆ ಅಂದ್ರೆ ಲಕ್ಷಾಂತರ ವರ್ಷ ಮಳೆ ನೀರು ಇಳಿದು ಇಳಿದು, ಕ್ಯಾಲ್ಸಿಯಂನಂಥದ್ದೆಲ್ಲ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದದ್ದು. ಬೀದರ್ ಪಕ್ಕದ ನೌಬಾದ್‌ನ ಸುರಂಗ ಬಾವಿ (ನೆಲದೊಳಗಿನ ಹಳೆ ನೀರಿನ ಕಾಲುವೆ) ಕೊರೆದಿರುವುದೂ ಇದೇ ಕಲ್ಲಲ್ಲಿ. ಈ ಮಣ್ಣಿಗೆ ಇನ್ನೊಂದು ಗುಣ ಇದೆ: ಕರಗಿದ ರಂಜಕ ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಬೇಗ ಹಿಡಿದು ಗಿಡಕ್ಕೆ ಸಿಗದ ಹಾಗೆ ಮಾಡುತ್ತವೆ. ಹಾಗಾಗಿ ಇಲ್ಲಿ ನಿಧಾನ ಕರಗುವುದೇ ಲಾಭ ಆಗಬಹುದು ಅನ್ನುವುದು ನನ್ನ ಲೆಕ್ಕ ಆಗಿತ್ತು.

ಕಾಕಾ ಲೋಟ ನೋಡಿ ಒಪ್ಪಲಿಲ್ಲ. ಎರೆಯಲ್ಲೂ ಒಂದು ಗುಂಟೆ ಹಾಕಿ ನೋಡೋಣ ಅಂದರು. ಆಯ್ತು ಅಂದೆ.

ಜರಡಿ

ಈ ಪುಡಿ ಎಷ್ಟು ನುಣುಪೋ ಅಷ್ಟು ಒಳ್ಳೆಯದು. ಸರ್ಕಾರದ ಗೊಬ್ಬರ ನಿಯಮದ ಪ್ರಕಾರ ಪುಡಿಯ 90 ಪರ್ಸೆಂಟ್ ಭಾಗ 0.15 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು. ಅಂಥ ಜರಡಿ ಊರಲ್ಲಿ ಎಲ್ಲಿ ಸಿಗುತ್ತದೆ? ಲಗ್ನಪತ್ರಿಕೆ ಛಾಪಿಸುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ. ಅವರು ಚೌಕಟ್ಟಿಗೆ ಬಿಗಿಯುವ ನೂರು ಮೆಶ್ ನೈಲಾನ್ ಬಟ್ಟೆಯ ಕಣ್ಣು ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಒಂದು ತುಂಡು ತಂದು, ಹಳೆ ಫೋಟೋ ಫ್ರೇಮಿಗೆ ಬಿಗಿದು, ಅಂಚಿಗೆ ಸಣ್ಣ ಮೊಳೆ ಹೊಡೆದೆ.

ಅಡುಗೆ ಮನೆಯ ಡಿಜಿಟಲ್ ಕಾಂಟಾದಲ್ಲಿ ನೂರು ಗ್ರಾಂ ತೂಗಿ, ಫ್ರೇಮಿನ ಮೇಲೆ ಹಾಕಿ ಬೆರಳಿಂದ ತಟ್ಟಿದೆ. ಬಾಯಿಗೆ ಟವೆಲ್ ಕಟ್ಟಿಕೊಳ್ಳಲೇಬೇಕು, ಸಿಮೆಂಟ್ ಹಾಗೆ ಏಳುತ್ತದೆ. ಮೇಲೆ ಉಳಿದದ್ದು ಎಂಟು ಗ್ರಾಂ. ಪಾಸು. ಮೊದಲು ಬೇರೆ ಕಡೆಯಿಂದ ತರಿಸಿದ್ದ ಸ್ಯಾಂಪಲ್‌ನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಮೇಲೇ ಉಳಿದಿತ್ತು, ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ಗರಗರ. ಅದನ್ನು ಕೊಳ್ಳಲಿಲ್ಲ.

ಪುಡಿಗೂ ಆ್ಯಸಿಡ್ ಹನಿ ಬಿಟ್ಟು ನೋಡಿದೆ, ನೊರೆ ಬಂತು. "ನೋಡ್ರಿ, ಹ್ಯಾಂಗ ಕರಗ್ತದ" ಅಂತ ಚೀಲ ಇಳಿಸಲು ಬಂದವನು ಖುಷಿಪಟ್ಟ. ಆ ನೊರೆ ರಂಜಕ ಕರಗಿದ್ದಕ್ಕೆ ಅಲ್ಲ. ಕಲ್ಲಿನ ಜೊತೆ ಬೆರೆತ ಸುಣ್ಣಕಲ್ಲಿನದು. ರಾಜಸ್ಥಾನದ ಕಲ್ಲಲ್ಲಿ ಡಾಲಮೈಟ್ ಇರುತ್ತದೆ, ಮೊದಲು ಹುಳಿ ತಿನ್ನುವುದು ಅದೇ. ನೊರೆ ಜಾಸ್ತಿ ಬಂದಷ್ಟೂ ಪುಡಿ ನಿಧಾನ ಅಂತ ತಿಳಿಯಬೇಕು.

ತಿಪ್ಪೆ

ಎಳ್ಳಮಾಸೆ ಕಳೆದ ಮೇಲೆ, ತೊಗರಿ ರಾಶಿ ಮುಗಿದು ಕೈ ಬಿಡುವಾದಾಗ ಶುರು ಮಾಡಿದೆ. ಬೇವಿನ ಗಿಡದ ನೆರಳಲ್ಲಿ, ಹತ್ತು ಅಡಿ ಉದ್ದ ನಾಲ್ಕು ಅಡಿ ಅಗಲದ ಗುಡ್ಡೆ. ಕೆಳಗೆ ತೊಗರಿ ಕಟ್ಟಿಗೆ ಮುರಿದು ಹಾಸಿದೆ, ಗಾಳಿ ಆಡಲಿ ಅಂತ. ಅದರ ಮೇಲೆ ಗೇಣುದ್ದ ಸೋಯಾ ಹೊಟ್ಟು, ಅದರ ಮೇಲೆ ಸಗಣಿ ಕದಡಿದ ನೀರು, ಅದರ ಮೇಲೆ ಕಲ್ಲಿನ ಪುಡಿ ತೆಳುವಾಗಿ. ಮತ್ತೆ ಹೊಟ್ಟು, ಮತ್ತೆ ಸಗಣಿ. ಹೀಗೆ ಎದೆ ಎತ್ತರ ಬರುವವರೆಗೆ. ಒಣ ಲೆಕ್ಕದಲ್ಲಿ 400 ಕೆಜಿ ಕಸ ಸಗಣಿಗೆ 50 ಕೆಜಿಯ ಒಂದು ಚೀಲ. ನಡುನಡುವೆ ಹಳೆ ತಿಪ್ಪೆಯ ಗೊಬ್ಬರ ಒಂದೆರಡು ಬುಟ್ಟಿ, ಹೆಪ್ಪಿಗೆ ಇರಲಿ ಅಂತ. ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪ್ಯಾಕೆಟ್ಟನ್ನು ಬೆಲ್ಲದ ನೀರಲ್ಲಿ ಕಲಸಿ ಚಿಮುಕಿಸಿದೆ, ಆದರೆ ಮೊದಲ ದಿನ ಅಲ್ಲ. ಗುಡ್ಡೆ ಒಳಗೆ ಕಾವು ಏರಿ ಇಳಿದ ಮೇಲೆ. ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಕೈಲಿ ಹಿಡಿಯಲಾಗದಷ್ಟು ಬಿಸಿ ಇರುತ್ತದೆ. ಅಂಥ ಕಾವಲ್ಲಿ ಪ್ಯಾಕೆಟ್ ಹಾಕಿದರೆ ದುಡ್ಡು ದಂಡ.

ಸಗಣಿ ಕೊಳೆಯುವಾಗ ಒಳಗಿನ ಜೀವಿಗಳು ಸಿಟ್ರಿಕ್, ಗ್ಲುಕೋನಿಕ್ ಅನ್ನುವ ಥರದ ಹುಳಿ ಬಿಡುತ್ತವೆ. ಆ ಹುಳಿ ಕಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತದೆ. ಅದಕ್ಕೇ ಒಂದು ಕಟ್ಟುನಿಟ್ಟು: ಈ ಗುಡ್ಡೆಗೆ ಒಲೆ ಬೂದಿ ಬೀಳಕೂಡದು. ಬೂದಿ ಬಿದ್ದರೆ ಹುಳಿ ಸತ್ತಿತು. ನಮ್ಮ ಕಡೆ ಬೂದಿ ತಿಪ್ಪೆಗೇ ಹೋಗುವುದು ರೂಢಿ, ಅವ್ವನಿಗೆ ಬೇರೆ ಮೂಲೆ ತೋರಿಸಿ ಒಪ್ಪಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ ಆಯ್ತು.

ಬೇಸಿಗೆಯಲ್ಲಿ ತೇವ ಹಿಡಿಯುವುದು ಇನ್ನೊಂದು ಪಾಡು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಕಾಣಬೇಕು, ಸುರಿಯಬಾರದು. ಮೇಲೆ ಗೋಣಿ ತಟ್ಟು ಹೊದಿಸಿ, ಆಗಾಗ ನೀರು ಬಿಟ್ಟು, ತಿಂಗಳಿಗೊಮ್ಮೆ ಮಗುಚಿದೆ. ರೋಹಿಣಿ ಮಳೆ ಹೊತ್ತಿಗೆ ಹೊಟ್ಟು ಯಾವುದು ಸಗಣಿ ಯಾವುದು ಗೊತ್ತಾಗದಷ್ಟು ಕಳಿತಿತ್ತು.

ಪಟ್ಟಿ

ಅರ್ಧ ಎಕರೆಯನ್ನು ಐದೈದು ಗುಂಟೆಯ ನಾಲ್ಕು ಪಟ್ಟಿ ಮಾಡಿದೆ, ಒಂದೊಂದು 33 ಅಡಿ ಅಗಲ, 165 ಅಡಿ ಉದ್ದ. ಮಡ್ಡಿ ಇಳಿಜಾರು ಇದೆ. ಪಟ್ಟಿಗಳನ್ನು ಮೇಲಿಂದ ಕೆಳಕ್ಕೆ ಹಾಕಿದೆ, ಬಿತ್ತುವ ಸಾಲು ಮಾತ್ರ ಅಡ್ಡ. ಹೀಗೆ ಮಾಡಿದರೆ ನೀರು ಹರಿದಾಗ ಒಂದು ಪಟ್ಟಿಯ ಪುಡಿ ಇನ್ನೊಂದಕ್ಕೆ ಹೋಗುವುದಿಲ್ಲ. ಮೇಲಿನ ತೆಳು ಮಣ್ಣು, ಕೆಳಗಿನ ಆಳದ ಮಣ್ಣು ನಾಲ್ಕಕ್ಕೂ ಸಮ ಸಿಗುತ್ತದೆ.

ಮೊದಲ ಪಟ್ಟಿ ಖಾಲಿ. ಎರಡನೆಯದಕ್ಕೆ ಸೂಪರ್. ಮೂರನೆಯದಕ್ಕೆ ನೇರ ಕಲ್ಲಿನ ಪುಡಿ. ನಾಲ್ಕನೆಯದಕ್ಕೆ ತಿಪ್ಪೆಯಲ್ಲಿ ಕಳಿತ ಪುಡಿ. ತಿಪ್ಪೆಯ ಗೊಬ್ಬರದಲ್ಲೂ ತನ್ನದೇ ಸತ್ವ ಇರುತ್ತದಲ್ಲ, ಅದಕ್ಕೆ ಉಳಿದ ಮೂರಕ್ಕೂ ಅಷ್ಟೇ ಬುಟ್ಟಿ ಸಾದಾ ಗೊಬ್ಬರ ಹಾಕಿದೆ.

ಬಿತ್ತುವ ಮುಖ್ಯ ಮೇವು ಸ್ಟೈಲೋ, ಒಮ್ಮೆ ಬಿತ್ತಿದರೆ ಮುಂದಿನ ವರ್ಷವೂ ಚಿಗುರುವ ದ್ವಿದಳ. ಪ್ರಮಾಣದ ಲೆಕ್ಕ ಹೀಗೆ. ಸ್ಟೈಲೋಗೆ ಹೆಕ್ಟೇರಿಗೆ 60 ಕೆಜಿ ರಂಜಕ ಅನ್ನುವುದು ರೂಢಿಯ ಶಿಫಾರಸು, ಅಂದ್ರೆ ಎಕರೆಗೆ 24, ಐದು ಗುಂಟೆಗೆ 3. ಸೂಪರ್‌ನಲ್ಲಿ ಅದಕ್ಕೆ 19 ಕೆಜಿ ಬೇಕು. ಕಲ್ಲು ಒಂದೇ ವರ್ಷಕ್ಕೆ ಪೂರ್ತಿ ಕರಗುವುದಿಲ್ಲ, ಹಾಗಾಗಿ ದುಪ್ಪಟ್ಟು ಲೆಕ್ಕ ಹಿಡಿದು 33 ಕೆಜಿ. ಎರಡನೇ ವರ್ಷ ಯಾವುದಕ್ಕೂ ಏನೂ ಹಾಕುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆ.

ಇನ್ನು ಗಂಧಕ. ಸೂಪರ್‌ನಲ್ಲಿ 11 ಪರ್ಸೆಂಟ್ ಗಂಧಕ ಇರುತ್ತದೆ, ದ್ವಿದಳಕ್ಕೆ ಗಂಧಕವೂ ಬೇಕು. ಸೂಪರ್ ಪಟ್ಟಿ ಚೆನ್ನಾಗಿ ಬಂದರೆ ಅದು ರಂಜಕದಿಂದಲೋ ಗಂಧಕದಿಂದಲೋ ಹೇಗೆ ಹೇಳುವುದು? ಅದಕ್ಕೆ ಉಳಿದ ಮೂರೂ ಪಟ್ಟಿಗೆ 12 ಕೆಜಿ ಜಿಪ್ಸಂ ಕೊಟ್ಟೆ, ಗಂಧಕ ಸಮ ಆಯಿತು. ಬರಿ ಗಂಧಕದ ಕಾಳು ಹಾಕಬಹುದಿತ್ತು, ಆದರೆ ಅದು ಮಣ್ಣಲ್ಲಿ ಆಮ್ಲವಾಗಿ ಕಲ್ಲನ್ನು ಕರಗಿಸುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಕಲ್ಲು ಕರಗುವುದನ್ನು ಸ್ವಲ್ಪ ತಡೆಯುತ್ತದೆ. ಎರಡರಲ್ಲಿ ಜಿಪ್ಸಂ ಆರಿಸಿದೆ. ಕಲ್ಲು ಗೆದ್ದರೆ ಕಷ್ಟಪಟ್ಟೇ ಗೆಲ್ಲಲಿ.

ಪುಡಿ ಹಾಕುವ ರೀತಿ ಸೂಪರ್‌ಗಿಂತ ಉಲ್ಟಾ. ಸೂಪರ್ ಅನ್ನು ಸಾಲಲ್ಲೇ ಹಾಕಬೇಕು, ಮಣ್ಣಿಗೆ ಜಾಸ್ತಿ ತಾಗಿದಷ್ಟೂ ಕಬ್ಬಿಣ ಹಿಡಿದುಕೊಳ್ಳುತ್ತದೆ. ಕಲ್ಲಿನ ಪುಡಿಯನ್ನು ಎಲ್ಲ ಕಡೆ ಎರಚಿ ಮಣ್ಣಲ್ಲಿ ಚೆನ್ನಾಗಿ ಬೆರೆಸಬೇಕು, ಕಣಕಣವೂ ಹುಳಿ ಮಣ್ಣಿಗೆ ತಾಗಬೇಕು. ಮಡ್ಡಿ ಮೇಲೆ ಗಾಳಿ ವಿಪರೀತ, ಬರಿ ಪುಡಿ ಎರಚಿದರೆ ಪಕ್ಕದ ಹೊಲದವರಿಗೆ ಗೊಬ್ಬರ. ಒದ್ದೆ ತಿಪ್ಪೆಗೊಬ್ಬರದಲ್ಲಿ ಕಲಸಿ ಬೆಳಗ್ಗೆ ಬೇಗ ಎರಚಿ, ಕೂಡಲೇ ಕುಂಟೆ ಹೊಡೆದೆ. ಇದು ರೋಹಿಣಿ ಮಳೆ ಬಿದ್ದ ಮೇಲೆ. ಬಿತ್ತನೆ ಆರಿದ್ರದಲ್ಲಿ, ಅಷ್ಟರೊಳಗೆ ಪುಡಿಗೆ ಮಣ್ಣಲ್ಲಿ ಕೆಲಸ ಶುರು ಆಗಲಿ ಅಂತ.

ಬಿತ್ತನೆ

ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ಅರ್ಧಕ್ಕರ್ಧ ಏಳುವುದಿಲ್ಲ. ನೀರು ಕುದಿಸಿ, 80 ಡಿಗ್ರಿಗೆ ಇಳಿದ ಮೇಲೆ ನಾಲ್ಕು ನಿಮಿಷ ಬೀಜ ಅದ್ದಿ, ಆಮೇಲೆ ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಗ್ಗೆ ನೆರಳಲ್ಲಿ ಆರಿಸಿ, ಅಲಸಂದೆ ಗುಂಪಿನ ರೈಜೋಬಿಯಂ (ಬೇರುಗಂಟು ಕಟ್ಟುವ ಬ್ಯಾಕ್ಟೀರಿಯಾ) ಹಚ್ಚಿದೆ. ಸ್ಟೈಲೋಗೂ ಅದೇ ಆಗುತ್ತದೆ. ಪಟ್ಟಿಗೆ 300 ಗ್ರಾಂ ಬೀಜ, ಮರಳಲ್ಲಿ ಬೆರೆಸಿ, ಅಡಿಗೊಂದು ಸಾಲು, ಕೈಯಿಂದಲೇ. ಕೂರಿಗೆಗೆ ಹಾಕಿದರೆ ಆಳಕ್ಕೆ ಬೀಳುತ್ತದೆ, ಅಷ್ಟು ಸಣ್ಣ ಬೀಜ ಮೇಲೆ ಬರುವುದಿಲ್ಲ. ಪ್ರತಿ ಪಟ್ಟಿಯ ಕೆಳ ತುದಿಯಲ್ಲಿ ಸ್ವಲ್ಪ ಜಾಗಕ್ಕೆ ಅಲಸಂದೆ. ಯೂರಿಯಾ ಒಂದು ಕಾಳೂ ಇಲ್ಲ.

ಯೂರಿಯಾ ಬೇಡ ಅಂದದ್ದಕ್ಕೆ ಕಾರಣ ಇದೆ, ಇಡೀ ಪ್ರಯೋಗವೇ ಅದರ ಮೇಲೆ ನಿಂತಿದೆ. ಗಾಳಿಯ ಸಾರಜನಕವನ್ನು ಬೇರುಗಂಟಿನಲ್ಲಿ ತಾನೇ ಹಿಡಿಯುವ ಗಿಡ ಮಣ್ಣಿನಿಂದ ನೈಟ್ರೇಟ್ ಜಾಸ್ತಿ ಎಳೆಯುವುದಿಲ್ಲ. ಕ್ಯಾಲ್ಸಿಯಂ, ಪೊಟ್ಯಾಶ್ ಮಾತ್ರ ಎಳೆಯುತ್ತದೆ. ಆ ಲೆಕ್ಕ ಸರಿದೂಗಿಸಲು ಬೇರಿನ ಸುತ್ತ ಹುಳಿ ಬಿಡುತ್ತದೆ. ಹುಳಿ ಬಿಡುವುದೂ ಅದೇ ಬೇರು, ಕಲ್ಲಿಂದ ಬಿಟ್ಟ ಕ್ಯಾಲ್ಸಿಯಂ ಹೀರುವುದೂ ಅದೇ ಬೇರು. ಎರಡೂ ಕಲ್ಲು ಕರಗಲು ಬೇಕಾದದ್ದೇ. ಯೂರಿಯಾ ಕೊಟ್ಟರೆ ಗಂಟು ಕಟ್ಟುವುದು ಕಡಿಮೆ ಆಗುತ್ತದೆ. ಅದು ಮಣ್ಣಲ್ಲಿ ನೈಟ್ರೇಟ್ ಆದ ಮೇಲೆ ಗಿಡ ಅದನ್ನೇ ಎಳೆಯುತ್ತದೆ, ಬೇರು ಹುಳಿ ಬಿಡುವ ಕೆಲಸ ಅಲ್ಲಿಗೆ ನಿಂತಿತು. ಮಲೇಷ್ಯಾದ ರಬ್ಬರ್ ತೋಟಗಳಲ್ಲಿ ರಾಕ್ ಫಾಸ್ಫೇಟನ್ನು ಮರಗಳ ನಡುವಿನ ದ್ವಿದಳ ಬಳ್ಳಿಗೆ ಹಾಕುವುದರ ಹಿಂದೆಯೂ ಇಂಥದೇ ಲೆಕ್ಕ: ಬಳ್ಳಿ ಕರಗಿಸಿಕೊಳ್ಳುತ್ತದೆ, ಅದರ ಎಲೆ ಉದುರಿ ಮರಕ್ಕೆ ಸಿಗುತ್ತದೆ.

ಪುಷ್ಯ ಮಳೆಯ ಬೇರು

ಪುಷ್ಯದಲ್ಲಿ ಪ್ರತಿ ಪಟ್ಟಿಯಿಂದ ಕೆಲವು ಅಲಸಂದೆ ಗಿಡ ತೆಗೆದೆ. ಎಳೆದರೆ ಗಂಟು ಮಣ್ಣಲ್ಲೇ ಉಳಿಯುತ್ತವೆ, ಸಲಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಲ್ಲಿ ಬಿಡಬೇಕು. ಖಾಲಿ ಪಟ್ಟಿಯ ಬೇರಲ್ಲಿ ಗಂಟು ಇದ್ದವು, ಆದರೆ ಸಾಸಿವೆ ಗಾತ್ರ, ಉಗುರಿಂದ ಸೀಳಿದರೆ ಒಳಗೆ ಬಿಳಿ. ಸೂಪರ್ ಪಟ್ಟಿಯಲ್ಲಿ ತಾಯಿಬೇರಿನ ಮೇಲ್ಭಾಗಕ್ಕೆ ಗೊಂಚಲಾಗಿ ಹತ್ತಿದ ದಪ್ಪ ಗಂಟುಗಳು, ಸೀಳಿದರೆ ರಕ್ತ ಬೆರೆತಂಥ ಗುಲಾಬಿ ಬಣ್ಣ, ಬೆರಳಿಗೆ ಹತ್ತಿತು. ಆ ಬಣ್ಣ ಇದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ. ತಿಪ್ಪೆ ಪುಡಿ ಪಟ್ಟಿಯಲ್ಲೂ ಗುಲಾಬಿಯೇ, ಗಾತ್ರ ಸ್ವಲ್ಪ ಕಡಿಮೆ. ನೇರ ಪುಡಿಯಲ್ಲಿ ಬೆರಕೆ: ಕೆಲವು ಗುಲಾಬಿ, ಕೆಲವು ಬಿಳಿ. ಗಂಟಿಗೆ ರಂಜಕ ಎಷ್ಟು ಬೇಕು ಅನ್ನುವುದು ಆ ಬಕೆಟ್ಟಲ್ಲೇ ಕಂಡಿತು.

ಕೊಯ್ಲು

ಹೂ ಬಿಟ್ಟ ಮೇಲೆ ಸ್ಟೈಲೋ ಮೊದಲ ಕೊಯ್ಲು. ಅಂಚು ಬಿಟ್ಟು, ಪ್ರತಿ ಪಟ್ಟಿಯ ಮೇಲೆ, ನಡು, ಕೆಳಗೆ ಹತ್ತಡಿ ಹತ್ತಡಿ ಚೌಕ ಕೊಯ್ದು ಹಸಿ ತೂಕ ಹಿಡಿದೆ. ಸರಾಸರಿ ಚೌಕಕ್ಕೆ ಖಾಲಿಯಲ್ಲಿ 6 ಕೆಜಿ, ಸೂಪರ್‌ನಲ್ಲಿ 10, ನೇರ ಪುಡಿಯಲ್ಲಿ 7, ತಿಪ್ಪೆ ಪುಡಿಯಲ್ಲಿ 9. ಅಲಸಂದೆಯಲ್ಲಿ ಸೂಪರ್‌ಗೂ ನೇರ ಪುಡಿಗೂ ಅಂತರ ಇನ್ನೂ ಜಾಸ್ತಿ, ನೇರ ಪುಡಿಗೂ ಖಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡು ತಿಂಗಳೊಳಗೆ ಕೊಯ್ಯುವ ಬೆಳೆಗೆ ಕಲ್ಲು ಕರಗುವವರೆಗೆ ಕಾಯುವ ಪುರುಸೊತ್ತಿಲ್ಲ. ಒಂದೇ ಹಂಗಾಮಿನ ಮೇವಿಗೆ ಇದನ್ನು ನೇರವಾಗಿ ಹಾಕುವುದು ನನ್ನ ಪ್ರಕಾರ ದಂಡ.

ಎರೆ ಹೊಲದ ಗುಂಟೆಯ ಕಥೆ ಎರಡೇ ಮಾತು. ಕಲ್ಲು ಹಾಕಿದ ಅಲಸಂದೆ, ಏನೂ ಹಾಕದ ಅಲಸಂದೆ ಎರಡೂ ಒಂದೇ. ಪಕ್ಕದಲ್ಲಿ ಸೂಪರ್ ಹಾಕಿದ ಸಾಲು ಕಣ್ಣಿಗೇ ಬೇರೆ ಕಾಣುತ್ತಿತ್ತು. ಕಾಕಾ ನೋಡಿ "ಹೋಗ್ಲಿ ಬಿಡು, ಇದಕ್ಕ ಡಿಎಪಿನೇ ಸೈ" ಅಂದು ನಡೆದರು.

ಎರಡನೇ ವರ್ಷ ಮಡ್ಡಿಯಲ್ಲಿ ಸ್ಟೈಲೋ ತಾನೇ ಚಿಗುರಿತು. ಗೊಬ್ಬರ ಯಾವುದಕ್ಕೂ ಇಲ್ಲ. ಮೊದಲ ಕೊಯ್ಲಲ್ಲಿ ಖಾಲಿ 7, ಸೂಪರ್ 9, ನೇರ ಪುಡಿ 10, ತಿಪ್ಪೆ ಪುಡಿ 11. ಸೂಪರ್‌ನ ರಂಜಕದಲ್ಲಿ ಒಂದಷ್ಟನ್ನು ಕೆಂಪು ಮಣ್ಣು ಹಿಡಿದಿಟ್ಟಿತು, ಒಂದಷ್ಟು ಮೊದಲ ವರ್ಷದ ಮೇವಲ್ಲಿ ಹೋಯಿತು. ಕಲ್ಲು ಇನ್ನೂ ಕರಗುತ್ತಾ ಇದೆ. ಆದರೆ ನೆನಪಿರಲಿ, ಕಲ್ಲಿನ ಪಟ್ಟಿಗೆ ನಾನು ಹಾಕಿದ್ದು ದುಪ್ಪಟ್ಟು ರಂಜಕ. ವರ್ಷ ವರ್ಷ ಸೂಪರ್ ಕೊಡುವವರಿಗೆ ಈ ಅಂಕಿ ಬೇರೆ ಬರುತ್ತದೆ. ಒಮ್ಮೆ ಹಾಕಿ ಮೂರು ವರ್ಷ ಕೊಯ್ಯುವ ಮೇವಿಗೆ, ಹುಳಿ ಮಣ್ಣಲ್ಲಿ, ಖರ್ಚಿನ ಲೆಕ್ಕಕ್ಕೆ ತಿಪ್ಪೆ ಪುಡಿ ನನಗೆ ಸರಿ ಕಂಡಿದೆ. ನೇರ ಪುಡಿ ಮತ್ತೆ ಹಾಕುವುದಿಲ್ಲ.

ಈ ಹೊಲದ ಮಣ್ಣನ್ನು ಮತ್ತೆ ಪರೀಕ್ಷೆಗೆ ಕೊಡುವವರು ಒಂದು ಕೇಳಿಕೊಳ್ಳಿ. ಮಣ್ಣಿನ ರಂಜಕ ಅಳೆಯುವ ಓಲ್ಸೆನ್ ವಿಧಾನದಲ್ಲಿ ಬಳಸುವುದು ಕ್ಷಾರದ ದ್ರಾವಣ, ಅದು ಕಲ್ಲಿನ ರಂಜಕವನ್ನು ಕಡಿಮೆ ತೋರಿಸುತ್ತದೆ. ಬಲವಾದ ಆಮ್ಲ ಬಳಸುವ ವಿಧಾನ ಆದರೆ, ಗಿಡಕ್ಕೆ ಇನ್ನೂ ಸಿಗದ ಕಲ್ಲನ್ನೂ ಕರಗಿಸಿ ಜಾಸ್ತಿ ತೋರಿಸುತ್ತದೆ. ಯಾವ ವಿಧಾನ ಅಂತ ತಿಳಿಯದೆ ಚೀಟಿಯ ಅಂಕಿ ಹಿಡಿದು ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಮೇವಿನ ತೂಕ ಹಿಡಿಯಿರಿ.

ನೋಡಲು ಬಂದವರು ಜಾಸ್ತಿ ಕೇಳಿದ ಪ್ರಶ್ನೆ, ಉಳಿದ ಪುಡಿಯನ್ನು ಹಸುವಿಗೇ ತಿನ್ನಿಸಬಹುದಾ ಅಂತ. ರಂಜಕ ಕಡಿಮೆ ಆದ ದನ ಎಲುಬು ಕಡಿಯುವುದು, ಗೋಡೆ ನೆಕ್ಕುವುದು ಎಲ್ಲರೂ ನೋಡಿದ್ದೇ, ಹಾಗಾಗಿ ಕೇಳುತ್ತಾರೆ. ಬೇಡವೇ ಬೇಡ. ಈ ಕಲ್ಲಲ್ಲಿ ಫ್ಲೋರಿನ್ ಇದೆ, ದಿನಾ ಹೊಟ್ಟೆಗೆ ಹೋದರೆ ಹಲ್ಲು, ಎಲುಬು ಹಾಳಾಗುತ್ತವೆ. ದನಕ್ಕೆ ಕೊಡುವ ಖನಿಜ ಮಿಶ್ರಣವೇ ಬೇರೆ, ಅದನ್ನು ಪಶು ವೈದ್ಯರಲ್ಲಿ ಕೇಳಿ ತನ್ನಿ. ಬೆಳೆದು ನಿಂತ ಮೇವಿನ ಮೇಲೂ ಪುಡಿ ಎರಚಬೇಡಿ. ಎರಚಲೇಬೇಕಾದರೆ ಕೊಯ್ದ ಕೂಡಲೇ ಎರಚಿ, ಒಳ್ಳೆ ಮಳೆ ಬಿದ್ದು ಎಲೆ ತೊಳೆದು ಹೋಗುವವರೆಗೆ ದನ ಬಿಡಬೇಡಿ.

ಉಳಿದ ಚೀಲ ಈ ಸಲ ಎಳ್ಳಮಾಸೆ ಆದಮೇಲೆ ಹೊಸ ಗುಡ್ಡೆಗೆ ಹೋಗುತ್ತದೆ. ಖಾಲಿ ಪಟ್ಟಿಗೂ ಅದೇ ಗೊಬ್ಬರ.